ಪೆನ್ಸಿಲ್‌ನಲ್ಲಿ ಬರೆದ ಹೆಸರು

ಹಲೇಯಿವಾ
ಭಾನುವಾರ

ಅಪ್ಪಾ,

ಭುಜದ ನೋವು ಹೇಗಿದೆ? ಅತ್ತೆ ಕೆಸುವಿನ ಗೆಡ್ಡೆ ಅರೆದು ಕೊಡುವ ಪೋಯಿಯನ್ನು ಬೇಡವೆನ್ನದೆ ತಿನ್ನು.

ಮಕಾಯೋ ಅಂಕಲ್‌ಗೆಂದು ನೀನು ಅರ್ಧಕ್ಕೆ ಬಿಟ್ಟುಹೋದ, ಅಲೆಯ ಮೇಲೆ ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡನ್ನು ನಾನೇ ಮುಗಿಸಿದೆ. ನಾನು ಕೈ ಹಚ್ಚಬಾರದು ಅಂತ ಕೀಸುಳಿಯನ್ನೂ ಮೊಲೊಕಾಯಿ ದ್ವೀಪದ ಅತ್ತೆಯ ಮನೆಗೆ ಹೊತ್ತುಕೊಂಡು ಹೋದೆಯಲ್ಲ, ಪಕ್ಕದ ದೋಣಿ ಶೆಡ್ಡಿನಲ್ಲಿ ಬೇರೊಂದು ಸಿಕ್ಕಿತು. ಬೋರ್ಡಿನ ಬಾಲ ದಪ್ಪವಾಗಿತ್ತು, ಕೀಸಿ ಇಳಿಸಿದೆ.

ಕೆಲಸ ನಡೆದಿದೆ ಅಂತ ಕೇಳಿ ನೀನು, "ಹೆಸರು ಮಾತ್ರ ನಂದೇ ಬರೀಲಿ, ಇಲ್ದಿದ್ರೆ ಮಕಾಯೋ ಮುಟ್ಟೋದಿಲ್ಲ" ಅಂತ ಅತ್ತೆಯ ಕೈಲಿ ಹೇಳಿಸಿದ್ದೆ. ನಡುವಿನ ಮರದ ಪಟ್ಟಿಯ ಮೇಲೆ, ನೀನು ಸಹಿ ಹಾಕುವ ಜಾಗದಲ್ಲೇ, ಪೆನ್ಸಿಲ್‌ನಲ್ಲಿ ನನ್ನ ಹೆಸರನ್ನೇ, 'ನೋಹೆಯಾ' ಅಂತ ಬರೆದೆ. ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ ಪಾರದರ್ಶಕ ರಾಳ ಎರೆದಾಯಿತು. ಇನ್ನು ಅದನ್ನು ಅಳಿಸಲು ಯಾರಿಂದಲೂ ಆಗದು.

ಅಂಕಲ್ ಓದಿ ಮುಖ ಗಂಟು ಹಾಕಿದರು. "ನಾನು ಹೇಳಿದ್ದು ನಿಮ್ಮಪ್ಪಂಗೆ ಕಣೇ, ನಿಂಗಲ್ಲ."

"ಒಂದ್ಸಲ ನೀರಿಗಿಳಿಸಿ ನೋಡಿ. ಸರಿ ಬರದಿದ್ರೆ ಇಲ್ಲೇ ಬಿಟ್ಟು ಹೋಗಿ" ಅಂದೆ.

ದಂಡೆಯಲ್ಲಿದ್ದವರೆಲ್ಲ ನೋಡುತ್ತಿದ್ದರು. ಹವಳದ ಬಂಡೆಗಳಾಚೆ ದೊಡ್ಡ ಅಲೆ ಎದ್ದಿತ್ತು. ಅವರು ನಿಂತೇ ಹೋದರು, ನಿಂತೇ ಬಂದರು. ಬೋರ್ಡನ್ನು ಮರಳಿಗೆ ತಾಗಿಸದೆ ತಲೆಯ ಮೇಲೆ ಹೊತ್ತು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನಿಮ್ಮಪ್ಪನ ಬೋರ್ಡು ಹೇಳಿದ ಕಡೆ ನಾನು ಹೋಗ್ತಿದ್ದೆ. ಇದು ನಾನು ಹೇಳಿದ ಕಡೆ ಹೋಗುತ್ತೆ. ಈ ಮಾತು ಅವನ ಕಿವಿಗೆ ಬೀಳಬಾರ್ದು."

ಅದಕ್ಕೇ ಈ ಕಾಗದ.

ಬೇಗ ಗುಣವಾಗಿ ಬಾ. ಅವರ ಹೆಂಡತಿಗೂ ಒಂದು ಬೇಕಂತೆ, ನಮ್ಮಿಬ್ಬರಿಗೂ ಕೆಲಸವಿದೆ. ಬರುವಾಗ ಕೀಸುಳಿ ತಾ. ಪೆನ್ಸಿಲ್ ಬೇಡ, ನನ್ನ ಹತ್ತಿರ ಇದೆ.

ನಿನ್ನ ಮಗಳು,
ನೋಹೆಯಾ