ತಿಮ್ಮಯ್ಯ ಯಾರ ಪೈಕಿ?

ಮೇಷ್ಟ್ರೇ,

ನೀವು ತೀರಿಕೊಂಡ ಮೇಲೆ ನಿಮ್ಮ ಜೊತೆ ನನ್ನ ಜಗಳ ಇನ್ನೂ ಜಾಸ್ತಿಯಾಗಿದೆ. ರಾಜಾಜಿನಗರದ ಈ ಹೊಸ ರಸ್ತೆಗಳಲ್ಲಿ ಸೈಕಲ್ ತುಳಿಯುತ್ತ ಒಬ್ಬನೇ ಮಾತಾಡುತ್ತೇನೆ. ಮೊನ್ನೆ ಕುರುಬರಹಳ್ಳಿಯ ನಮ್ಮ ಚಿಕ್ಕಪ್ಪ ನೋಡಿಬಿಟ್ಟ. "ಏನ್ಲಾ ಚನ್ನಪ್ಪ, ಕಾಲೇಜು ಮೇಷ್ಟ್ರಾದ್ಮೇಲೆ ಗಾಳಿ ಜೊತೆ ಮಾತಾಡೋದೂ ಕಲ್ತ್ಯಾ?" ಅಂದ. ಗಾಳಿಯಾದರೆ ಸುಮ್ಮನೆ ಬಿಡುತ್ತಿದ್ದೆ. ನಿಮ್ಮನ್ನು ಹೇಗೆ ಬಿಡಲಿ?

ನಮ್ಮ ಕಾಲೇಜು ನಡೆಸುವ ಸೆಕ್ರೆಟರಿಗಳ ಮಗಳ ಮದುವೆ ನೆನಪಿದೆಯೇ? ಕಾಲೇಜಿಗೆ ರಜೆ ಕೊಟ್ಟು ನಮ್ಮನ್ನೆಲ್ಲ ಚಪ್ಪರಕ್ಕೆ ಕರೆಸಿದ್ದರು. ಅಲ್ಲಿಯೂ ಹುದ್ದೆ ನೋಡಿಯೇ ಕೆಲಸ. ಲೆಕ್ಚರರುಗಳು ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸಬೇಕು, ಡೆಮಾನ್‌ಸ್ಟ್ರೇಟರುಗಳು ಪಂಕ್ತಿಗೆ ನೀರು ಬಡಿಸಬೇಕು. ನಮಗೆಲ್ಲ ತರ್ಕಶಾಸ್ತ್ರ ಕಲಿಸಿದ ನೀವು ಪೇಟ ಸುತ್ತಿಕೊಂಡು ಪನ್ನೀರುದಾನಿ ಹಿಡಿದು ನಿಂತಿದ್ದಿರಿ. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಹುಡುಗರಿಗೆ ಪ್ರಯೋಗ ಮಾಡಿಸುವ ನಮ್ಮ ತಿಮ್ಮಯ್ಯನ ಬಳಿಗೆ ಸೆಕ್ರೆಟರಿಗಳ ತಮ್ಮ ಬಂದ. "ಏಯ್, ನೀರು ಸಾಕು. ಎಂಜಲೆಲೆ ಎತ್ತು." ತಿಮ್ಮಯ್ಯ ಚೊಂಬು ಕೆಳಗಿಟ್ಟ. "ನಾನು ಬಿ.ಎಸ್ಸಿ. ಓದಿದ್ದು ಇದಕ್ಕಲ್ಲ ಸ್ವಾಮಿ" ಅಂದವನೇ ಚಪ್ಪರ ದಾಟಿದ. ನಾನೂ ಅವನ ಹಿಂದೆ ಹೊರಟೆ. ನೀವು ತೋಳು ಹಿಡಿದಿರಿ. "ಮದುವೆ ಮನೆ ಕಣಯ್ಯ, ಸುಮ್ಮನಿರು. ಸಂಘದಲ್ಲಿ ಮಾತಾಡೋಣ." ಯಾವ ಸಂಘದಲ್ಲಿ ಮೇಷ್ಟ್ರೇ? ಹಾಲಿ ಲೆಕ್ಚರರುಗಳಿಗೆ ಮಾತ್ರ ಅಂತ ನೀವೇ ನಿಯಮ ಮಾಡಿ, ನೀವೇ ಅಧ್ಯಕ್ಷರಾಗಿದ್ದ ಸಂಘದಲ್ಲಿ ತಿಮ್ಮಯ್ಯನ ಮಾತನ್ನು ಯಾರು...

ಪ್ರತಿ ಜೂನಿನಲ್ಲೂ ನಿಂಬೆಹಣ್ಣು ಕೊಳ್ಳಲು ನೀವು ನನ್ನನ್ನು ಜೊತೆಗೆ ಕರೆಯುತ್ತಿದ್ದಿರಿ. ಮಾರ್ಚಿ ಮುಗಿಯುತ್ತಲೇ ನಮ್ಮನ್ನೆಲ್ಲ ಕೆಲಸದಿಂದ ತೆಗೆಯುವುದು, ರಜೆ ಕಳೆದ ಮೇಲೆ ನಾವು ನಿಂಬೆಹಣ್ಣು ಹಿಡಿದು ಸೆಕ್ರೆಟರಿಗಳ ಮನೆಗೆ ಹೋಗುವುದು, ಅವರು ಮನಸ್ಸು ಮಾಡಿ ಮತ್ತೆ ಸೇರಿಸಿಕೊಳ್ಳುವುದು. ಈ ಪದ್ಧತಿ ತಪ್ಪು ಅಂತ ಅರ್ಜಿ ಬರೆದವರೂ ನೀವೇ, ಹಣ್ಣು ಆರಿಸಿದವರೂ ನೀವೇ. "ಎರಡೂ ಮಾಡ್ಬೇಕಯ್ಯ, ಮನೇಲಿ ಮಕ್ಕಳಿದಾವೆ" ಅನ್ನುತ್ತಿದ್ದಿರಿ. ಈ ಬೇಸಗೆಯ ರಜೆಯಲ್ಲಿ ನೀವು ಹೋದಿರಿ. ಕಾಲೇಜಿನಿಂದ ಒಂದು ಹೂವಿನ ಹಾರವೂ ಬರಲಿಲ್ಲ. "ಆವಾಗ ಅವ್ರು ನಮ್ಮ ನೌಕರರಾಗಿರ್ಲಿಲ್ವಲ್ಲ" ಅಂದರಂತೆ ಸೆಕ್ರೆಟರಿ. ಇಪ್ಪತ್ತು ವರ್ಷ ದುಡಿದವರ ಬಗ್ಗೆ! ನಿಮಗೆ ಇದನ್ನು ಹೇಳಬೇಕೋ ಬೇಡವೋ ಅಂತ ಒದ್ದಾಡಿದೆ. ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ಹೋದ ವಾರ ಸೆಕ್ರೆಟರಿ ನನ್ನನ್ನು ಕರೆಸಿ ಕೂರಿಸಿದರು, ಕಾಫಿ ತರಿಸಿದರು. ಅಲ್ಲಿಗೇ ನನಗೆ ಅನುಮಾನ. ಎಲ್ಲರನ್ನೂ ಮತ್ತೆ ಸೇರಿಸಿಕೊಂಡಿದ್ದರು, ತಿಮ್ಮಯ್ಯನೊಬ್ಬನನ್ನು ಬಿಟ್ಟು. ಸಂಘದವರು ನನ್ನನ್ನು ಅಧ್ಯಕ್ಷನಾಗು ಅನ್ನುತ್ತಿದ್ದದ್ದೂ ಅವರ ಕಿವಿಗೆ ಬಿದ್ದಿತ್ತು. "ನೋಡಪ್ಪ, ನಿಮ್ಮ ಮೇಷ್ಟ್ರ ಜಾಗ ಖಾಲಿ ಇದೆ. ನಿನಗೆ ಅದನ್ನ ಖಾಯಂ ಮಾಡಿಕೊಡ್ತೀನಿ. ವರ್ಷಾವರ್ಷ ತೆಗೆಯೋ ರಗಳೆ ಇಲ್ಲ. ಆ ಸಂಘದ ಯಜಮಾನಿಕೆ ಮಾತ್ರ ಬೇಡ. ತಿಮ್ಮಯ್ಯ ನಿಮ್ಮ ಪೈಕಿಯೇ ಅಲ್ವಲ್ಲ." ಆಸೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಖಾಯಂ ಅನ್ನುವ ಮಾತನ್ನು ಆ ಬಾಯಿಂದ ಯಾರು ಕೇಳಿದ್ದರು? ಆದರೆ ನಿಮ್ಮ ಹೆಸರು ಹಿಡಿದರಲ್ಲ, ಮೈ ಉರಿದುಹೋಯಿತು. "ಬದುಕಿದ್ದಾಗ ಮೇಷ್ಟ್ರಿಗೇ ಕೊಡಬಹುದಾಗಿತ್ತಲ್ಲ ಸಾರ್?" ಅಂದು ಎದ್ದುಬಂದೆ.

ಭಾನುವಾರ ಸಂಸ್ಕೃತದ ಶಾಸ್ತ್ರಿಗಳ ಮನೆಯಲ್ಲಿ ಸಭೆ ಸೇರಿತು. ನಿಮ್ಮ ಜೀವದ ಗೆಳೆಯರು, ನಿಮ್ಮ ನಿಯಮದ ಕಾವಲುಗಾರರು! ತಿಮ್ಮಯ್ಯ ಹೊರಗೆ ಜಗಲಿಯಲ್ಲಿ ನಿಂತಿದ್ದ. ಡೆಮಾನ್‌ಸ್ಟ್ರೇಟರುಗಳೂ ಸದಸ್ಯರಾಗಲಿ, ಕಾಲೇಜಿನವರು ಕೆಲಸದಿಂದ ತೆಗೆದವರೂ ಸದಸ್ಯರಾಗಿಯೇ ಉಳಿಯಲಿ, ಹಾಗಾದರೆ ಮಾತ್ರ ನಾನು ಅಧ್ಯಕ್ಷನಾಗುತ್ತೇನೆ ಅಂದೆ. ಗಣಿತದ ರಾಯರು ಹಾರಿಬಿದ್ದರು. "ಅದ್ಹೇಗ್ರೀ ಆಗತ್ತೆ? ನಾಳೆ ಗಂಟೆ ಹೊಡೆಯೋನೂ ಬಂದು ಕೂರ್ತಾನೆ!" "ಕೂರಲಿ ಬಿಡಿ. ಅವನು ಹೊಡೀದಿದ್ರೆ ನೀವು ಪಾಠ ನಿಲ್ಲಿಸೋದೇ ಇಲ್ವಲ್ಲ" ಅಂದೆ. ಎಲ್ಲರೂ ನಕ್ಕರು. ಆಮೇಲೆ ನೀವು ಕಲಿಸಿದ್ದನ್ನೇ ನಿಮ್ಮ ಮೇಲೆ ತಿರುಗಿಸಿದೆ. "ಹಾಲಿ ಕೆಲಸದಲ್ಲಿರೋನು ಮಾತ್ರ ಸದಸ್ಯ. ಬೇಸಗೆ ರಜೇಲಿ ಮೇಷ್ಟ್ರು ಕೆಲಸದಲ್ಲಿರ್ಲಿಲ್ಲ. ಹಾಗಿದ್ರೆ ಅವರು ನಮ್ಮ ಸದಸ್ಯರೇ ಅಲ್ಲ, ಅಧ್ಯಕ್ಷರಂತೂ ಅಲ್ಲ. ಮತ್ತೆ ನಾವೆಲ್ಲ ಹೆಗಲು ಕೊಟ್ಟು ಹೊತ್ತದ್ದು ಯಾರನ್ನ?"

ಶಾಸ್ತ್ರಿಗಳು ಬಾಯಲ್ಲಿದ್ದ ತಾಂಬೂಲ ಉಗಿದು ಬಂದರು. ಕಣ್ಣು ಕೆಂಪಾಗಿತ್ತು. "ತೆಗೆದುಹಾಕ್ರೀ ಆ ದರಿದ್ರ ನಿಯಮಾನ" ಅಂದರು. ಬಾಗಿಲ ಕಡೆ ತಿರುಗಿ, "ಏ ತಿಮ್ಮಯ್ಯ, ಅಲ್ಲೇನು ಕಂಬ ಆತ್ಕೊಂಡು ನಿಂತಿದ್ದೀ? ಒಳಗೆ ಬಾ, ಚಾಪೆ ಮೇಲೆ ಕೂತ್ಕೊ." ರಾಯರು ಕೈ ಎತ್ತಿದ್ದು ಕೊನೆಗೆ. ಆದರೂ ಎತ್ತಿದರು.

ಇವತ್ತು ಬೆಳಿಗ್ಗೆ ಕಾಲೇಜಿನ ಜವಾನ ಬಂದು, ನನ್ನ ಮುಖ ನೋಡಲಾರದೆ, ನಾನು ಇನ್ನು ಬರಬೇಕಾಗಿಲ್ಲ ಅಂತ ತಿಳಿಸಿ ಹೋದ. ಸೆಕ್ರೆಟರಿ ಶಾಸ್ತ್ರಿಗಳನ್ನೂ ಕರೆಸಿ ಕೇಳಿದರಂತೆ: "ಮೇಷ್ಟ್ರ ಕೆಲಸವೇ ಇಲ್ಲದೋನು ಮೇಷ್ಟ್ರ ಸಂಘಕ್ಕೆ ಅಧ್ಯಕ್ಷ ಹೇಗಾಗ್ತಾನ್ರೀ?" ಶಾಸ್ತ್ರಿಗಳು, "ನೀವು ಕೆಲಸದಿಂದ ತೆಗೀಬಹುದು ಸ್ವಾಮಿ, ನಮ್ಮಿಂದ ತೆಗೆಯೋಕಾಗಲ್ಲ" ಅಂದು ಬಂದಿದ್ದಾರೆ. ನಡುಗುತ್ತಲೇ ಹೇಳಿದೆ ಅಂತ ಅವರೇ ಒಪ್ಪಿಕೊಂಡರು.

ನಾಳೆ ಕಾಲೇಜು ತೆರೆಯುತ್ತದೆ. ನನ್ನನ್ನೂ ತಿಮ್ಮಯ್ಯನನ್ನೂ ಒಳಗೆ ಕರೆಯುವವರೆಗೆ ಯಾರೂ ತರಗತಿಗೆ ಹೋಗಬಾರದು ಅಂತ ತೀರ್ಮಾನವಾಗಿದೆ. ಎಷ್ಟು ಜನ ಗೇಟಿನಲ್ಲಿ ನಿಲ್ಲುತ್ತಾರೋ, ಎಷ್ಟು ಜನ ತಲೆ ತಗ್ಗಿಸಿ ಒಳಗೆ ನುಸುಳುತ್ತಾರೋ ನನಗೆ ಗೊತ್ತಿಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ ಮೇಷ್ಟ್ರೇ. ಈಗ ತಾನೇ ತಿಮ್ಮಯ್ಯ ಬಂದಿದ್ದ. ಸಮಾಧಾನ ಹೇಳುತ್ತಾನೆ ಅಂದುಕೊಂಡೆ. ಅವನು ನಗುತ್ತಿದ್ದ. "ಸಾರ್, ನಿಮ್ಮನ್ನೂ ತೆಗೆದೇಬಿಟ್ರಲ್ಲ. ಇನ್ನು ಏನು ಹೇಳಿ ಹೆದರಿಸ್ತಾರೆ?"