ಡಾಕ್ಟರಮ್ಮನ ಕೊನೇ ಪ್ರಶ್ನೆ

ಜೂನ್ 3, ಬೆಳಿಗ್ಗೆ

ಇವತ್ತು ಎಂಟನೇ ಡಬ್ಬ. ಇನ್ನೂರು ಕಾರ್ಡು. ಬರೆಯೋಕೆ ಸೋಮಾರಿ ನಾನು, ಅದಕ್ಕೇ ಫೋನಲ್ಲಿ ಮಾತಾಡಿ ಇಟ್ಕೋತಾ ಇದ್ದೀನಿ. ಕೇಳೋರಿಲ್ಲ. ನನ್ನ ಬಾಯಿಗೆ ಅದೇನೂ ಅಡ್ಡಿಯಿಲ್ಲ.

ಡಾಕ್ಟರಮ್ಮ ಹೋಗಿ ಹನ್ನೊಂದು ವರ್ಷ. ಮುಚ್ಚಿದ ಬಾಗಿಲ ಹಿಂದೆ ಜನ ಹೇಗೆ ಕೂಡ್ತಾರೆ, ಯಾರನ್ನ ಬಯಸ್ತಾರೆ ಅಂತ ನಾಲ್ಕು ಸಾವಿರ ಜನರನ್ನ ಕೇಳಿದ ಹೆಂಗಸು. ಅವರ ಪುಸ್ತಕ ಬಂದಾಗ ಈ ಆಫೀಸಿನ ಇದೇ ಕಿಟಕಿಗೆ ಕಲ್ಲು ಬಿತ್ತು. ಕಲ್ಲು ಹೊಡೆದವರ ಮೊಮ್ಮಕ್ಕಳು ಈಗ ಅದನ್ನೇ ಉರು ಹೊಡೆದು ಪರೀಕ್ಷೆ ಬರೀತಾರೆ.

ಆ ಉತ್ತರಗಳ ಕಾರ್ಡಲ್ಲಿ ಹೆಸರಿಲ್ಲ, ಅಕ್ಷರ ಇಲ್ಲ. ಬರೀ ಗುರುತು. ಅದರ ಅರ್ಥ ಎಲ್ಲೂ ಬರೆದಿಲ್ಲ, ಬಾಯಿಪಾಠ. ಬಲ್ಲವನು ಈಗ ನಾನೊಬ್ಬನೇ. ಓದಿ ಕಂಪ್ಯೂಟರಿಗೆ ಹಾಕ್ಬೇಕು.

ಕೆಲಸಕ್ಕೆ ಸೇರಿದಾಗ ಡಾಕ್ಟರಮ್ಮ ಆರು ತಿಂಗಳು ಕನ್ನಡಿ ಮುಂದೆ ಕೂರಿಸಿದ್ರು. ಹೇಳಬಾರದ್ದೆಲ್ಲ ಹೇಳೋರು. ಹುಬ್ಬು ಅಲ್ಲಾಡಿದ್ರೆ ಮತ್ತೆ ಮೊದಲಿಂದ. "ಮುಖ ಗೋಡೆ ಆಗ್ಬೇಕು ಕಣೋ. ಕೋಣೆ ಮಾತು ಹೆತ್ತವಳಿಗೂ ಹೇಳ್ಬಾರದು." ಮಾತು ಕೊಟ್ಟೆ.

ಜೂನ್ 4, ಮಧ್ಯಾಹ್ನ

ಒಂಬತ್ತನೇ ಡಬ್ಬ, ಕಾರ್ಡು 1616. ದರ್ಜಿ. ಮೂವತ್ತೆಂಟು. ಒಬ್ಬ ಮಗ. ಎಡಗೈ ಹೆಬ್ಬೆರಳು ಅರ್ಧ ಇಲ್ಲ.

ಅಪ್ಪ.

ಗಂಡಸಿನ ಜೊತೆ ಸಂಬಂಧ... ಒಬ್ಬನೇ. ಹದಿನಾಲ್ಕು ವರ್ಷ. ವಾರಕ್ಕೊಂದು ಸಲ. ಗುರುವಾರ ಅಪ್ಪ ಬಟ್ಟೆ ತರೋಕೆ ಹೋಗ್ತಿದ್ದ. ಬರ್ತಾ ನನಗೆ ಬಣ್ಣದ ಗುಂಡಿಗಳು.

ಡಾಕ್ಟರಮ್ಮ ಎಲ್ಲರಿಗೂ ಕೇಳ್ತಿದ್ದ ಕೊನೇ ಪ್ರಶ್ನೆ: ಯಾರು ಬಿಟ್ಟು ಹೋದ್ರೆ ತಡ್ಕೊಳ್ಳೋಕಾಗಲ್ಲ? ಸುತ್ತು ಅಂದ್ರೆ ಗಂಡ ಅಥವಾ ಹೆಂಡತಿ. ಅಡ್ಡಗೆರೆ ಅಂದ್ರೆ ಬೇರೆಯವರು.

ಅಡ್ಡಗೆರೆ.

ಜೂನ್ 10

ಡಬ್ಬ ಮುಟ್ಟಿಲ್ಲ. ಅಂಗಡಿ ಕಿಟಕಿಯಲ್ಲಿ ನಿಲ್ಲಿಸಿದ ಕೋಟು ನೋಡಿದ್ರೂ ಅಪ್ಪ ನಿಂತ ಹಾಗೆ. ಸತ್ತು ಒಂಬತ್ತು ವರ್ಷ ಆದ್ಮೇಲೆ ಈಗ ಬಂದಿದಾನೆ ಮಹರಾಯ.

ಅಮ್ಮ ಊಟಕ್ಕೆ ಕೂತಾಗ ತಾನಾಗೇ ಮಾತು ತೆಗೆದಳು.

"ಹಳೇ ಕಾರ್ಡೆಲ್ಲ ಓದ್ತಿದ್ದೀಯಂತೆ."

"ಹೂಂ."

"ನಾನೂ ನಿಮ್ಮಪ್ಪನೂ ಡಾಕ್ಟರಮ್ಮನ ಹತ್ರ ಹೋಗಿದ್ವಿ. ಒಂದೇ ದಿನ, ಬೇರೆ ಬೇರೆ ಕೋಣೆ. ನಿನಗ್ಯಾಕೆ ಅಂತ ಹೇಳಿರ್ಲಿಲ್ಲ."

ಇನ್ನೊಂದು ತುತ್ತು ಕಲಸಿದೆ. ಮುಖ ಗೋಡೆ.

ಜೂನ್ 11

ಗಂಡ ಹೆಂಡತಿ ಬಂದ್ರೆ ಪಕ್ಕಪಕ್ಕದ ನಂಬರು. 1617 ತೆಗೀಬಾರದು ಅಂತ ಮೂರು ಸಲ ಎದ್ದು ನೀರು ಕುಡಿದೆ. ತೆಗೆದೆ. ಬೇರೇನೂ ನೋಡ್ಲಿಲ್ಲ, ಕೊನೇ ಪ್ರಶ್ನೆಯ ಗುರುತು ಅಷ್ಟೇ.

ಸುತ್ತು. ಪೆನ್ಸಿಲ್ ಒತ್ತಿ ಬರೆದ ಸುತ್ತು.

ಡಾಕ್ಟರಮ್ಮ ಇವೆರಡನ್ನೂ ಒಂದೇ ಡಬ್ಬಕ್ಕೆ ಹಾಕಿ, ಮುಚ್ಚಳ ಮುಚ್ಚಿ, ಮನೆಗೆ ಹೋಗಿ ನಿದ್ದೆ ಮಾಡಿದ್ರಾ?

ಜೂನ್ 14, ಸಂಜೆ

ಅಮ್ಮ ಕನ್ನಡಕ ಒರೆಸ್ತಾ ಕೂತಿದ್ದಳು. "ಒಂದೇ ಒಂದು ಕೇಳ್ತೀನಿ. ಆ ಕೊನೇ ಪ್ರಶ್ನೆಗೆ ನಿಮ್ಮಪ್ಪ ಏನಂದ್ರು?"

"ಅಮ್ಮ, ಮಾತು ಕೊಟ್ಟಿದ್ದೀನಿ."

"ನಿನ್ನ ಮಾತು ನಿನ್ ಹತ್ರಾನೇ ಇರ್ಲಿ. ನಾನು ಹೇಳ್ತೀನಿ, ನೀನು ಸುಮ್ನಿರು ಸಾಕು. ನಾನಾ?"

ಸುಮ್ನಿದ್ದೆ.

"ಬಟ್ಟೆ ಅಂಗಡಿಯವನಾ?"

ಹುಬ್ಬು ಅಲ್ಲಾಡ್ಲಿಲ್ಲ. ರೆಪ್ಪೆ ಬಡೀಲಿಲ್ಲ. ಇಪ್ಪತ್ತನಾಲ್ಕು ವರ್ಷದ ಕೆಲಸ, ಚೆನ್ನಾಗೇ ಮಾಡಿದೆ ಅಂದ್ಕೊಂಡೆ.

ಅಮ್ಮ ಕನ್ನಡಕ ಹಾಕ್ಕೊಂಡು ನನ್ನ ಮುಖವನ್ನೇ ನೋಡಿದಳು. ತುಂಬಾ ಹೊತ್ತು.

"ಗುರುವಾರ ಮನೆಗೆ ಬಂದಾಗ," ಅಂದಳು, "ನಿಮ್ಮಪ್ಪನದ್ದೂ ಇದೇ ಮುಖ."

ಆಮೇಲೆ ನನ್ನ ಕೆನ್ನೆ ಮೇಲೆ ಕೈಯಿಟ್ಟು, ಮೆಲ್ಲಗೆ ಅಂದಳು, "ಗೊತ್ತಾಯ್ತು ಕಣೋ. ನೀನೇನೂ ಹೇಳ್ಲಿಲ್ಲ."