ಇನ್ನು ನಿಮ್ಮ ಸರದಿ, ಅಪ್ಪ

ಭಾನುವಾರ, ಮಾರ್ಚ್ ೯

ಪ್ರೀತಿಯ ಅಪ್ಪನಿಗೆ,

ನಾನು ಹಲ್ಲು ಕೀಳಿಸಿಕೊಂಡೆ ಅಪ್ಪ, ನಿಜವಾಗಿಯೂ ಕೀಳಿಸಿಕೊಂಡೆ, ಯಾರೂ ಕೈಕಾಲು ಹಿಡಿದುಕೊಳ್ಳಲಿಲ್ಲ, ಯಾರೂ ಎಳೆದುಕೊಂಡು ಹೋಗಲಿಲ್ಲ, ನಾನೇ ನಡೆದು ಹೋಗಿ, ನಾನೇ ಬಾಯಿ ತೆರೆದು, ಕೀಳಿಸಿಕೊಂಡು ನಡೆದೇ ಮನೆಗೆ ಬಂದೆ. ಬಲಗಡೆ ಕೆಳಗಿನ ದವಡೆ ಹಲ್ಲು. ನಿನ್ನೆ ಸಂಜೆ ಐದೂವರೆಗೆ. ಈಗ ಅದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ನನ್ನ ಎದುರಿಗೇ ಕೂತಿದೆ. ಇಷ್ಟು ದಿನ ನನ್ನ ಪ್ರಾಣ ಹಿಂಡಿದ್ದು ಇದೇನಾ ಅನ್ನುವಷ್ಟು ಚಿಕ್ಕದು. ನಿಮ್ಮ ಅಳಿಯ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಇದಕ್ಕಿಂತ ದೊಡ್ಡ ನಟ್ಟುಗಳನ್ನು ದಿನಾ ಬಿಚ್ಚುತ್ತೇನೆ ಅಂದರು. ಲಿಫ್ಟ್ ರಿಪೇರಿ ಮಾಡುವವರನ್ನು ಮದುವೆಯಾದರೆ ಎಲ್ಲದಕ್ಕೂ ನಟ್ಟು ಬೋಲ್ಟಿನದೇ ಹೋಲಿಕೆ.

ಕಾಗದ ತಡವಾಯಿತು, ಬೈಯಬೇಡಿ. ರೈಲು ಹತ್ತುವಾಗ ವಾರಕ್ಕೊಂದು ಬರೆಯುತ್ತೇನೆ ಅಂದವಳು ಹನ್ನೊಂದು ವಾರದ ಮೇಲೆ ಮೊದಲನೆಯದನ್ನು ಬರೆಯುತ್ತಿದ್ದೇನೆ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ಮನೆಮಾತಿನಲ್ಲಿ ಕಾಗದ ಬರೆಯಬೇಕಾದರೆ ಇಷ್ಟು ದಿನ ಬೇಕು ಅಂತ ಅಮ್ಮನ ಹತ್ತಿರ ನಗಾಡಿರುತ್ತೀರಿ. ಅದಲ್ಲ ಕಾರಣ. ಸುಸ್ತು ಅಪ್ಪ. ನಮ್ಮ ಎರಡು ಕೋಣೆಯ ಮನೆ ಮೂರನೇ ಮಹಡಿಯಲ್ಲಿದೆ, ಕಿಟಕಿ ತೆಗೆದರೆ ಬಸ್ ಡಿಪೋ. ಬೆಳಗಿನ ಐದು ಗಂಟೆಗೇ ಬಸ್ಸುಗಳು ಕೆಮ್ಮಿ ಕೆಮ್ಮಿ ಏಳುತ್ತವೆ, ಅವುಗಳ ಜೊತೆ ನಾನೂ. ಎಂಟಕ್ಕೆ ಶಾಲೆ. ಒಂದನೇ ಕ್ಲಾಸಿನ ಮೂವತ್ತೆರಡು ಮಕ್ಕಳು, ಅರ್ಧದಷ್ಟು ಮಕ್ಕಳಿಗೆ ಮುಂದಿನ ಹಲ್ಲು ಅಲ್ಲಾಡುತ್ತಿದೆ. ಬಿದ್ದ ಹಲ್ಲನ್ನು ಕಾಗದದಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಡುತ್ತಾರೆ, ಬಹುಮಾನ ಬಂದ ಹಾಗೆ. ನಾನು ಒಂದು ಕೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೆನ್ನೆಯಲ್ಲಿ ನಗುತ್ತೇನೆ.

ಆದರೆ ಖುಷಿಯಾಗಿದ್ದೇನೆ ಅಪ್ಪ, ಎಷ್ಟು ಖುಷಿ ಅಂದರೆ ಬಟ್ಟೆ ಒಣಹಾಕುವಾಗ ಅವರ ಅಂಗಿ ಕೈಗೆ ಬಂದರೂ ನಗು ಬರುತ್ತದೆ. ನಾನು ತಪ್ಪು ಸ್ವಿಚ್ ಒತ್ತುತ್ತೇನೆ ಅಂತ ಮನೆಯ ಎಲ್ಲ ಸ್ವಿಚ್ಚಿಗೂ ಚೀಟಿ ಅಂಟಿಸಿದ್ದಾರೆ. ಅಡುಗೆ ಮನೆಯದರ ಮೇಲೆ 'ಇದನ್ನು ಒತ್ತಿ, ನನ್ನನ್ನು ಕರೆಯಿರಿ' ಅಂತ ಬರೆದಿದ್ದಾರೆ. ಒತ್ತಿದರೆ ದೀಪ ಹತ್ತುತ್ತದೆ, ಅವರೂ ಬರುತ್ತಾರೆ. ಇಂಥದ್ದನ್ನು ಫೋನಿನಲ್ಲಿ ಹೇಳಲು ಹೋದರೆ ನೀವು 'ಸರಿ ಸರಿ, ಅಮ್ಮನ ಹತ್ರ ಮಾತಾಡು' ಅಂತ ದಾಟಿಸಿಬಿಡುತ್ತೀರಿ.

ಹೋದ ತಿಂಗಳೂ ಹಾಗೇ ದಾಟಿಸಿದಿರಿ. ಅದಕ್ಕೇ ಈ ಕಾಗದ, ಅದಕ್ಕೇ ನಿಮ್ಮ ಹೊಲಿಗೆ ಅಂಗಡಿಯ ವಿಳಾಸಕ್ಕೆ. ಅಮ್ಮ ಓದಬಾರದು ಅಂತಲ್ಲ, ನೀವು ಮೊದಲು ಒಬ್ಬರೇ ಓದಲಿ ಅಂತ. ಅಮ್ಮ ಅವತ್ತು ಹೇಳಿದ್ದಳು, ನಿಮ್ಮ ಬಾಯಲ್ಲಿ ಹುಣ್ಣಾಗಿದೆ, ವಾರವಾದರೂ ಆರಿಲ್ಲ, ಬಿಸಿ ತಾಗಿದರೆ ಉರಿಯುತ್ತದೆ, ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದೀರಿ, ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಅಂದರೆ ಹಲ್ಲು ತಾಗಿ ಆಗಿದ್ದು, ತಾನಾಗಿ ಹೋಗುತ್ತದೆ ಅನ್ನುತ್ತೀರಿ ಅಂತ. ನಾನು ನಿಮ್ಮನ್ನು ಕರೆಸಿ, ದಯವಿಟ್ಟು ತೋರಿಸಿಕೊಳ್ಳಿ ಅಂದೆ. ನೀವು ಏನಂದಿರಿ ಅಂತ ನನಗೆ ಒಂದಕ್ಷರ ಬಿಡದೆ ನೆನಪಿದೆ.

"ಮೊದಲು ನೀನು ಆ ಕುರ್ಚಿ ಮೇಲೆ ಕೂತು ಬಾ. ಆಮೇಲೆ ನಂಗೆ ಬುದ್ಧಿ ಹೇಳೋದಿದ್ರೆ ಹೇಳು."

ಹಾಗಂದು ಫೋನನ್ನು ಅಮ್ಮನ ಕೈಗೆ ಕೊಟ್ಟಿರಿ. ನಾನು ಹೋಗುವುದಿಲ್ಲ ಅಂತ ನಿಮಗೆ ಅಷ್ಟು ನಂಬಿಕೆ. ನನಗೂ ಅಷ್ಟೇ ನಂಬಿಕೆಯಿತ್ತು. ಆ ಹೊತ್ತಿಗೆ ನನ್ನ ದವಡೆ ಹಲ್ಲಿಗೆ ನೋವು ಶುರುವಾಗಿ ಮೂರು ವಾರವಾಗಿತ್ತು, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ನನ್ನ ಹೆದರಿಕೆ ಎಲ್ಲಿಂದ ಬಂತು ಅಂತ ನೀವು ಕೇಳುವ ಹಾಗಿಲ್ಲ. ನಿಮ್ಮಿಂದಲೇ ಬಂತು. ಹದಿನೇಳನೇ ವಯಸ್ಸಿನಲ್ಲಿ ನಿಮ್ಮ ಹಲ್ಲು ಕಿತ್ತ ಕಥೆಯನ್ನು ಊಟಕ್ಕೆ ಕೂತಾಗಲೆಲ್ಲ ಅಭಿನಯಿಸಿ ತೋರಿಸುತ್ತಿದ್ದಿರಿ. ಮೊದಲು ಆ ಕಥೆಯಲ್ಲಿ ನಿಮ್ಮನ್ನು ಇಬ್ಬರು ಹಿಡಿದುಕೊಂಡಿದ್ದರು, ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಆರು ಜನ ಆಗಿದ್ದರು. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಆಮೇಲೆ ನನಗೆ ಎಂಟು ವರ್ಷವಿದ್ದಾಗ ನನ್ನನ್ನು ನೀವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಿರಿ. ಹಸಿರು ಬೆಂಚು, ಗೋಡೆಯ ಮೇಲೆ ನಗುವ ಹಲ್ಲಿನ ಚಿತ್ರ. ಒಳಗಿನಿಂದ ಡ್ರಿಲ್ಲಿನ ಸದ್ದು ಬಂತು. ನಾನಿನ್ನೂ ಅಳಲು ಶುರು ಮಾಡಿರಲಿಲ್ಲ, ನೀವು ನನ್ನನ್ನು ಎತ್ತಿಕೊಂಡು ಆಚೆಗೆ ನಡೆದೇಬಿಟ್ಟಿರಿ. ಡಾಕ್ಟರು ರಜೆ ಅಂತ ಅಮ್ಮನಿಗೆ ಹೇಳೋಣ ಅಂದಿರಿ, ಐಸ್‌ಕ್ರೀಮ್ ಕೊಡಿಸಿದಿರಿ. ನಿಮ್ಮ ಎದೆ ಹೇಗೆ ಬಡಿದುಕೊಳ್ಳುತ್ತಿತ್ತು ಅಂತ ನನ್ನ ಕಿವಿಗೆ ಕೇಳಿಸಿತ್ತು. ಅಪ್ಪನೇ ಓಡಿಹೋಗುವ ಜಾಗ ಅಂದರೆ ಅದೆಂಥ ಜಾಗ ಇರಬೇಕು ಅಂದುಕೊಂಡೆ. ಆಮೇಲೆ ಹದಿನೇಳು ವರ್ಷ ನಾನು ಅಂಥ ಬೋರ್ಡು ಕಂಡರೆ ರಸ್ತೆ ದಾಟಿ ಆ ಕಡೆಯಿಂದ ಹೋಗಿದ್ದೇನೆ.

ಇಲ್ಲಿಯೂ ಹಾಗೇ ಮಾಡಿದೆ. ಎಡಗಡೆಯಲ್ಲೇ ಅಗಿದೆ. ಲವಂಗದ ಎಣ್ಣೆ ಹಚ್ಚಿದೆ, ಮಾತ್ರೆ ನುಂಗಿದೆ. ಹೊಸ ಹೆಂಡತಿಯ ಬಾಯಲ್ಲಿ ಹುಳುಕು ಹಲ್ಲು ಅಂತ ಹೇಳಿಕೊಳ್ಳಲು ನಾಚಿಕೆ. ಒಂದು ಸಂಜೆ ಅವರು ಕೆಲಸದಿಂದ ಬಂದು, ಕೈಯ ಗ್ರೀಸು ತೊಳೆಯುತ್ತಾ ಬೆನ್ನು ತಿರುಗಿಸಿಕೊಂಡೇ ಕೇಳಿದರು, "ಎರಡು ವಾರದಿಂದ ನೀನು ನಗ್ತಾನೇ ಇಲ್ಲ. ನಾನೇನಾದ್ರೂ ತಪ್ಪು ಮಾಡಿದ್ನಾ?" ಅಂತ. ನಾನು ಬಾಯಿ ತೆರೆದು ತೋರಿಸಿದೆ. ಅವರು ತಮ್ಮ ಟಾರ್ಚ್ ತಂದರು. ನನಗೆ ಅಳು, ಅವರಿಗೆ ಸಮಾಧಾನ. ಹಲ್ಲಾ, ಬರೀ ಹಲ್ಲಾ ಅಂತ ನಾಲ್ಕು ಸಲ ಅಂದರು.

ಮೊದಲ ಸಲ ಹೋದಾಗ ಒಬ್ಬಳೇ ಹೋದೆ. ಬೋರ್ಡು ಓದಿದೆ, ಪಕ್ಕದ ಅಂಗಡಿಯಲ್ಲಿ ಬಾಳೆಹಣ್ಣು ಕೊಂಡು ವಾಪಸ್ಸು ಬಂದೆ. ಎರಡನೆಯ ಸಲ ಒಳಗೆ ಕೂತೆ, ಹೆಸರು ಬರೆಸಿದೆ, ಹೆಸರು ಕೂಗಿದಾಗ ಪಕ್ಕದವರ ಮುಖ ನೋಡಿದೆ, ಅವರ ಹೆಸರು ಕರೆದರೇನೋ ಅನ್ನುವ ಹಾಗೆ. ಅವರು ನನ್ನ ಮುಖ ನೋಡಿದರು. ಎದ್ದು ಬಂದೆ. ಮೂರನೆಯ ಸಲ ನಿಮ್ಮ ಅಳಿಯ ಜೊತೆಗೆ ಬಂದರು, ಆದರೆ ಒಳಗೆ ಬರಬೇಡಿ ಅಂತ ನಾನೇ ಹೇಳಿದೆ. ನಿಮ್ಮ ಹಾಗೆ ಎತ್ತಿಕೊಂಡು ಓಡಿದರೆ ಅಂತ ಭಯ. ಪ್ರೀತಿಸುವವರನ್ನು ಆ ಕೋಣೆಯಲ್ಲಿ ನಂಬುವ ಹಾಗಿಲ್ಲ.

ಡಾಕ್ಟರಮ್ಮನಿಗೆ ಅರವತ್ತು ದಾಟಿರಬೇಕು. ದಿನವಿಡೀ ನಿಂತು ಕಾಲು ಊದಿಸಿಕೊಂಡ, ನನಗಿಂತ ಸುಸ್ತಾದ ಹೆಂಗಸು. ನನ್ನನ್ನು ನೋಡಿ ಧೈರ್ಯ ತಗೊಳ್ಳಿ, ಏನೂ ಆಗಲ್ಲ ಅಂತೆಲ್ಲ ಹೇಳಲಿಲ್ಲ. ಇವತ್ತು ನಾನು ಏನೂ ಮುಟ್ಟಲ್ಲ, ಕೂತಿರಿ ಅಂದರು. ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ನನ್ನ ಕೈಗೇ ಕೊಟ್ಟು, ನೀವೇ ನೋಡಿಕೊಳ್ಳಿ, ನಾನು ಕೈ ತೊಳೆದು ಬರುತ್ತೇನೆ ಅಂದರು. ನಾನು ನನ್ನ ಬಾಯಿಯೊಳಗೆ ಇಣುಕಿ ನೋಡಿದೆ. ಇಪ್ಪತ್ತೈದು ವರ್ಷದಿಂದ ಇಟ್ಟುಕೊಂಡಿರುವ ಬಾಯಿ, ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಅವತ್ತು ಅಷ್ಟೇ. ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಯ ಮೇಲೆ ಹತ್ತು ನಿಮಿಷ ಕೂತು ಮನೆಗೆ ಬಂದೆ.

ನಿನ್ನೆ ಕೀಳುವ ದಿನ. ಇಂಜೆಕ್ಷನ್ ಚುಚ್ಚುವ ಮೊದಲು ಅವರು ಹೇಳಿದರು, "ಎಡಗೈ ಎತ್ತಿದ್ರೆ ನಾನು ನಿಲ್ಲಿಸ್ತೀನಿ. ಯಾಕೆ ಅಂತ ಕೇಳಲ್ಲ."

ನಾನು ಪರೀಕ್ಷೆ ಮಾಡಿದೆ. ಅವರು ಹತ್ತಿರ ಬಂದ ಕೂಡಲೇ ಎತ್ತಿದೆ. ನಿಲ್ಲಿಸಿದರು. ಚುಚ್ಚಿದ ಮೇಲೆ ಎತ್ತಿದೆ, ನಿಲ್ಲಿಸಿದರು. ನಾಲಿಗೆ ಮರಗಟ್ಟಿದಾಗ, ಇಕ್ಕಳ ಕಣ್ಣಿಗೆ ಬಿದ್ದಾಗ, ಸುಮ್ಮನೆ ಉಸಿರು ಬೇಕೆನಿಸಿದಾಗ. ಹನ್ನೊಂದು ಸಲ ಎತ್ತಿದೆ ಅಪ್ಪ. ಹನ್ನೊಂದು ಸಲವೂ ಕೈ ಹಿಂದಕ್ಕೆ ತೆಗೆದುಕೊಂಡು ಕಿಟಕಿಯ ಕಡೆ ನೋಡುತ್ತಾ ನಿಂತರು. ಒಂದು ಸಲವೂ ಇನ್ನೇನು ಮುಗಿಯಿತು ಅನ್ನಲಿಲ್ಲ. ಹನ್ನೆರಡನೆಯ ಸಲ ಎತ್ತೋಣ ಅಂದುಕೊಳ್ಳುವಷ್ಟರಲ್ಲಿ ಏನೋ ಕಟಕ್ ಅಂತು, ನೋವಲ್ಲ, ಬಿಗಿಯಾದ ಡ್ರಾಯರ್ ಎಳೆದ ಹಾಗೆ, ಆಮೇಲೆ ಹತ್ತಿ ಕಚ್ಚಿಕೊಳ್ಳಿ ಅಂದರು. ಕಿತ್ತಾಗಿತ್ತು. ನಿಮ್ಮನ್ನು ಆರು ಜನ ಹಿಡಿದುಕೊಂಡಿದ್ದರಲ್ಲ ಅಪ್ಪ, ಅವರಲ್ಲಿ ಒಬ್ಬರು ಒಮ್ಮೆ ಹೀಗೆ ನಿಲ್ಲಿಸಿದ್ದರೆ ಸಾಕಿತ್ತು ಅಂತ ಅನ್ನಿಸಿತು. ಅದಕ್ಕೇ ಅಳು ಬಂತು, ಹಲ್ಲಿಗಲ್ಲ.

ಹತ್ತಿ ಕಚ್ಚಿಕೊಂಡೇ ನಿಮ್ಮ ಹುಣ್ಣಿನ ವಿಷಯ ಕೇಳಿದೆ. ಅವರಿಗೆ ನನ್ನ ಮಾತು ಅರ್ಥವಾಗದೆ ಪೆನ್ನು ಕಾಗದ ಕೊಟ್ಟರು. ಬರೆದೆ. ಓದಿ, ತೊಳೆಯಲು ಎತ್ತಿಕೊಂಡಿದ್ದ ತಟ್ಟೆಯನ್ನು ಕೆಳಗಿಟ್ಟರು. ಎಷ್ಟು ದಿನದಿಂದ ಅಂತ ಕೇಳಿದರು, ಬರೆದೆ. ಬಾಯಿ ಹುಣ್ಣು ಎರಡು ವಾರ, ಹೆಚ್ಚೆಂದರೆ ಮೂರು ವಾರದಲ್ಲಿ ಆರಬೇಕು, ಆರದಿದ್ದರೆ ಯಾರಾದರೂ ನೋಡಲೇಬೇಕು ಅಂದರು. ಏನಿರಬಹುದು ಅಂತ ಬರೆದು ಕೇಳಿದೆ. "ನೋಡದೆ ನಾನು ಒಳ್ಳೇದೂ ಹೇಳಲ್ಲ, ಕೆಟ್ಟದ್ದೂ ಹೇಳಲ್ಲ. ಹೆದರಿಕೆ ಇರಲಿ ಬಿಡಿ, ಹೆದರಿಕೊಂಡೇ ಬರ್ಲಿ" ಅಂದರು.

ಹೆದರಿಕೊಂಡೇ ಬನ್ನಿ ಅಪ್ಪ. ನಾನು ಹಾಗೇ ಹೋದೆ. ಇವತ್ತೂ ಆ ಬೋರ್ಡು ನೆನೆದರೆ ಅಂಗೈ ಬೆವರುತ್ತದೆ. ಆದರೆ ನೀವು ಹೇಳಿದ ಕುರ್ಚಿಯ ಮೇಲೆ ಕೂತು ಬಂದಿದ್ದೇನೆ, ಇನ್ನು ನಿಮ್ಮ ಸರದಿ. ನಾನು ನಿಮ್ಮ ಜೊತೆ ಒಳಗೆ ಬರುತ್ತೇನೆ. ಎತ್ತಿಕೊಂಡು ಓಡುವಷ್ಟು ಶಕ್ತಿ ನನಗಿಲ್ಲ, ಆ ಚಿಂತೆ ಬೇಡ.

ಇವತ್ತು ಶಾಲೆಯಿಲ್ಲ. ಅವರು ನನಗಾಗಿ ಏನೋ ಗಂಜಿ ಕಾಯಿಸುತ್ತಿದ್ದಾರೆ, ಸೀದ ವಾಸನೆ ಬರುತ್ತಿದೆ, ನಾನು ಎದ್ದು ಹೋಗುವುದಿಲ್ಲ. ಅವರು ನಿಮಗೂ ಅಮ್ಮನಿಗೂ ನಮಸ್ಕಾರ ಹೇಳಿದ್ದಾರೆ. ನಮ್ಮಿಬ್ಬರಿಗೂ ನಿಮ್ಮ ಆಶೀರ್ವಾದವಿರಲಿ. ನನ್ನ ವಯಸ್ಸಿಗೆ ಮೀರಿದ್ದು ಅನ್ನಿಸಿದರೂ ಇರಲಿ, ನಿಮಗೂ ನನ್ನದೊಂದು ಆಶೀರ್ವಾದ: ನೂರು ವರ್ಷ ಬಿಸಿಬಿಸಿಯಾಗಿ ಊಟ ಮಾಡಿ.

ನಿಮ್ಮ ಪ್ರೀತಿಯ
ಮಾತಿನಮಲ್ಲಿ

ಮರೆತೆ ಅಂತ ಬರೆಯಲು ಹೊರಟಿದ್ದೆ. ಮರೆತಿಲ್ಲ. ಡಾಕ್ಟರಮ್ಮ ಎಷ್ಟು ದಿನದಿಂದ ಅಂತ ಕೇಳಿದಾಗ ನಾನು ಐದು ವಾರ ಅಂತ ಬರೆದೆ. ಅಮ್ಮ ಹೋದ ತಿಂಗಳು ಹೇಳಿದ್ದರಿಂದ ಹಾಕಿದ ಲೆಕ್ಕ ಅದು. ಮೆಟ್ಟಿಲಿಳಿದು ರಸ್ತೆಗೆ ಬಂದು ನಿಂತುಬಿಟ್ಟೆ. ಕೆಳಗೆ ಕಾಯುತ್ತಿದ್ದ ನಿಮ್ಮ ಅಳಿಯ ತಲೆ ಸುತ್ತುತ್ತಿದೆಯಾ ಅಂತ ಕೇಳಿದರು. ಇಲ್ಲವೆಂದು ತಲೆಯಾಡಿಸಿ ಮತ್ತೆ ಮೇಲೆ ಹೋದೆ. ಡಾಕ್ಟರಮ್ಮ ಬಾಗಿಲು ಹಾಕುತ್ತಿದ್ದರು. ಐದು ವಾರವಲ್ಲ, ಮೂರು ತಿಂಗಳಾಯಿತು, ನಾನೇ ನೋಡಿದ್ದೇನೆ ಅಂತ ಬರೆದು ಕೊಟ್ಟೆ.

ನೋಡಿದ್ದೆ ಅಪ್ಪ. ಮದುವೆಗೆ ಹತ್ತು ದಿನವಿತ್ತು. ಅಂಗಡಿಯಲ್ಲಿ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮದುವೆಯ ಬಟ್ಟೆಯ ಅಂಚು ಮಡಿಸುತ್ತಿದ್ದಿರಿ. ನಲವತ್ತು ವರ್ಷ ಗುಂಡುಸೂಜಿಗಳನ್ನು ತುಟಿಯಲ್ಲೇ ಕಚ್ಚಿಕೊಂಡು ಕೆಲಸ ಮಾಡಿದವರು ಅವತ್ತು ಅಂಗಿಯ ತೋಳಿಗೆ ಚುಚ್ಚಿಕೊಂಡಿದ್ದಿರಿ. ಯಾಕೆ ಅಂದೆ. "ವಯಸ್ಸಾಯ್ತಲ್ಲಮ್ಮ, ನುಂಗಿಬಿಟ್ರೆ?" ಅಂತ ನಕ್ಕಿರಿ. ಎದುರಿನ ಕನ್ನಡಿಯಲ್ಲಿ ನಿಮ್ಮ ತೆರೆದ ಬಾಯಿ ಕಾಣಿಸಿತು. ಕೆನ್ನೆಯ ಒಳಗೆ ಬಿಳಿ ಮಚ್ಚೆ, ಅದರ ನಡುವೆ ಕೆಂಪು. ನಾನು ನೋಡಿದ್ದನ್ನು ನೀವೂ ಕನ್ನಡಿಯಲ್ಲೇ ನೋಡಿದಿರಿ. ಆಗ ನಾನು, ಎಡಗಡೆ ಅಂಚು ಒಂದು ಚೂರು ಕೆಳಗಿದೆ ಅಲ್ವಾ ಅಪ್ಪ ಅಂದೆ. ನೀವು ಅಂಚು ಸರಿ ಮಾಡಿದಿರಿ. ಅದು ಸರಿಯಾಗಿಯೇ ಇತ್ತು.

ಬಾಯಿಬಿಟ್ಟರೆ ಮದುವೆ ಮುಂದಕ್ಕೆ ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ಅವರಿಗೆ ರಜೆ ಇದ್ದದ್ದು ಆ ಎರಡು ವಾರ. ನನಗೆ ಕಾಯಲು ಇಷ್ಟವಿರಲಿಲ್ಲ. ಇದಕ್ಕಿಂತ ಒಳ್ಳೆಯ ಕಾರಣ ಹುಡುಕಿದೆ, ಸಿಗಲಿಲ್ಲ. ಮದುವೆಯ ಊಟದಲ್ಲಿ ನೀವು ಬರೀ ನೀರು ಕುಡಿದು ಎದ್ದಿದ್ದನ್ನೂ ನೋಡಿದೆ. ನೋಡಿ, ಫೋಟೋದವನ ಕಡೆ ತಿರುಗಿ ನಕ್ಕೆ. ಆ ಫೋಟೋ ನಮ್ಮ ಗೋಡೆಯ ಮೇಲಿದೆ. ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ.

ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಬಾಗಿಲು ಮತ್ತೆ ತೆಗೆದು, ದೀಪ ಹಾಕಿ, ಅಲ್ಲೇ ನಿಂತು ಫೋನ್ ಮಾಡಿದರು. ನಿಮ್ಮ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಅವರ ಜೊತೆ ಓದಿದವರೊಬ್ಬರಿದ್ದಾರೆ. ಶುಕ್ರವಾರ ಹತ್ತೂವರೆಗೆ ನಿಮ್ಮನ್ನು ನೋಡುತ್ತಾರೆ. ಎಡಗೈ ಎತ್ತಿದರೆ ನಿಲ್ಲಿಸಬೇಕು ಅಂತ ಅವರಿಗೂ ಹೇಳಿಸಿದ್ದೇನೆ. ಅವತ್ತು ಅಂಗಡಿ ತೆರೆಯಬೇಡಿ. ಅಮ್ಮನಿಗೆ ನೀವೇನೂ ಹೇಳಬೇಕಾಗಿಲ್ಲ, ನಾನೇ ಎದುರಿಗೆ ಕೂತು ಎಲ್ಲ ಹೇಳುತ್ತೇನೆ. ನನ್ನ ಮೇಲೆ ಸಿಟ್ಟಿದ್ದರೆ ಸ್ಟೇಷನ್ನಿಗೆ ಬರಬೇಡಿ, ಮನೆಯಲ್ಲೇ ಇರಿ, ಆದರೆ ಇರಿ. ಗುರುವಾರ, ಹದಿಮೂರನೇ ತಾರೀಕು, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಬರುವ ಎಕ್ಸ್‌ಪ್ರೆಸ್ಸಿನಲ್ಲಿ ಬರುತ್ತಿದ್ದೇನೆ.